ಒಂದೇ ಜಿಟ್, ಮೂರು ಪ್ರೊಸೆಸರ್: ನಿಮ್ಮ ಕಂಪೈಲರ್‌ಗೆ ಹೊಸ ಟಾರ್ಗೆಟ್ ಸೇರಿಸುವ ದಾರಿ

ನೀವು ಒಂದು ಸಣ್ಣ ಭಾಷೆಗೆ ಜಿಟ್ ಕಂಪೈಲರ್ ಬರೆದಿದ್ದೀರಿ ಅಂದುಕೊಳ್ಳಿ. ಪ್ರೋಗ್ರಾಂ ಓಡುತ್ತಿರುವಾಗಲೇ ಬೈಟ್‌ಕೋಡನ್ನು (ಪ್ರೋಗ್ರಾಂನ ಮಧ್ಯಂತರ ರೂಪ) ಪ್ರೊಸೆಸರ್‌ಗೆ ನೇರ ಅರ್ಥವಾಗುವ ಮೆಷಿನ್ ಕೋಡ್ ಮಾಡಿ, ಮೆಮೊರಿಯಲ್ಲಿಟ್ಟು, ಅಲ್ಲಿಗೇ ಜಿಗಿಯುವ ಕಂಪೈಲರ್. ಎಕ್ಸ್86-64 ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತಿದೆ. ಈಗ ಯಾರೋ ಎಂ1 ಮ್ಯಾಕ್‌ನಲ್ಲಿ ಬೇಕು ಅಂತಾರೆ. ಇನ್ಯಾರೋ ಅಮೆಜಾನ್‌ನ ಗ್ರಾವಿಟಾನ್ ಸರ್ವರ್‌ನಲ್ಲಿ ಬೇಕು ಅಂತಾರೆ. ಮತ್ತೊಬ್ಬರ ಹತ್ತಿರ ರಿಸ್ಕ್-ಫೈವ್ ಬೋರ್ಡ್ ಇದೆ. ಮೊದಲ ಎರಡರಲ್ಲಿರುವುದು ಆರ್ಮ್64 ಪ್ರೊಸೆಸರ್, ಮೂರನೆಯದು ಬೇರೆಯದೇ ಕುಟುಂಬ. ಹೀಗೆ ಕೋಡ್ ತಯಾರಿಸಿ ಕೊಡಬೇಕಾದ ಪ್ರತಿ ಪ್ರೊಸೆಸರ್ ನಿಮಗೆ ಒಂದು ಟಾರ್ಗೆಟ್.

ದೊಡ್ಡ ಪ್ರಾಜೆಕ್ಟ್‌ಗಳ ಕಥೆಯೂ ಇದೇ. ರೂಬಿಯ ವೈಜಿಟ್ 2021ರ ಡಿಸೆಂಬರ್‌ನಲ್ಲಿ ರೂಬಿ 3.1ರ ಜೊತೆ ಬಂದಾಗ ಅದಕ್ಕೆ ಗೊತ್ತಿದ್ದದ್ದು ಎಕ್ಸ್86-64 ಮಾತ್ರ. ಮರುವರ್ಷ 3.2ರಲ್ಲಿ ಆರ್ಮ್64 ಸೇರಿತು. ಅಷ್ಟರಲ್ಲಿ ಇಡೀ ಜಿಟ್ ಸಿ ಭಾಷೆಯಿಂದ ರಸ್ಟ್‌ಗೆ ಹೋಗಿತ್ತು, ನಡುವೆ ಒಂದು ಹೊಸ ಪದರವೂ ಬಂದಿತ್ತು. ಪಿಎಚ್‌ಪಿ 8.0ರ ಜಿಟ್ 2020ರಲ್ಲಿ ಎಕ್ಸ್86ಗೆ ಮಾತ್ರ ಬಂತು, ಆರ್ಮ್64 ಬಂದದ್ದು 2021ರ 8.1ರಲ್ಲಿ. ಜಾವಾದ ಓಪನ್‌ಜೆಡಿಕೆಗೆ ಲಿನಕ್ಸ್ ಆರ್ಮ್64 ಬೆಂಬಲ ಜೆಡಿಕೆ 9ರಲ್ಲಿ ಸೇರಿತು, ರಿಸ್ಕ್-ಫೈವ್ 2022ರಲ್ಲಿ ಜೆಡಿಕೆ 19ರಲ್ಲಿ ಸೇರಿತು. ಒಂದೇ ಪ್ರೊಸೆಸರ್‌ನಿಂದ ಶುರು ಮಾಡುವುದರಲ್ಲಿ ಏನೂ ತಪ್ಪಿಲ್ಲ.

ಕೆಲಸ ಶುರು ಮಾಡುವ ಮುಂಚೆ ಒಂದು ಮಾತು. ಹೊಸ ಪ್ರೊಸೆಸರ್ ಅಂದ ಕೂಡಲೇ ಎಲ್ಲರ ಗಮನ ಹೋಗುವುದು ಹೊಸ ಇನ್‌ಸ್ಟ್ರಕ್ಷನ್‌ಗಳ ಕಡೆಗೆ. ಮ್ಯಾನ್ಯುಯಲ್ ತೆಗೆದು ಬಿಟ್‌ಗಳನ್ನು ಜೋಡಿಸುವ ಆ ಭಾಗ ನಿಜಕ್ಕೂ ಸುಲಭ. ಕಷ್ಟ ಇರುವುದು ಬೇರೆ ಕಡೆ: ಮೊದಲ ಪ್ರೊಸೆಸರ್‌ನ ಅಭ್ಯಾಸಗಳು ನಿಮಗೆ ಗೊತ್ತಿಲ್ಲದೆ ಕಂಪೈಲರ್‌ನ ಮೇಲಿನ ಪದರಗಳಿಗೂ ಹಬ್ಬಿರುತ್ತವೆ. ಅವನ್ನು ಹುಡುಕಿ ಕೆಳಗಿಳಿಸುವುದೇ ಈ ಕೆಲಸದ ಮುಕ್ಕಾಲು ಪಾಲು. ಕೆಳಗಿನ ಹಂತಗಳನ್ನು ಆ ಕಣ್ಣಿನಿಂದ ಓದಿ.

ಹಂತ 1: ನೀವೇ ಬರೆಯಬೇಕಾ, ನೋಡಿಕೊಳ್ಳಿ

ಎಲ್‌ಎಲ್‌ವಿಎಂ ಇದೆ, ಕ್ರೇನ್‌ಲಿಫ್ಟ್ ಇದೆ, ಗ್ನೂ ಲೈಟ್ನಿಂಗ್ ಇದೆ. ಇವು ಹಲವು ಪ್ರೊಸೆಸರ್‌ಗಳಿಗೆ ಆಗಲೇ ಕೋಡ್ ಕೊಡುವ ಲೈಬ್ರರಿಗಳು. ಎಲ್‌ಎಲ್‌ವಿಎಂ ಕೊಡುವ ಕೋಡ್ ಚೆನ್ನಾಗಿರುತ್ತದೆ, ಆದರೆ ಕಂಪೈಲ್ ಆಗಲು ಸಮಯ ಜಾಸ್ತಿ ಬೇಕು, ಲೈಬ್ರರಿಯ ಗಾತ್ರವೂ ದೊಡ್ಡದು. ಬಳಕೆದಾರ ಕಾಯುತ್ತಿರುವಾಗಲೇ ಕಂಪೈಲ್ ಮಾಡುವ ಜಿಟ್‌ಗೆ ಅದು ಭಾರ. ಕ್ರೇನ್‌ಲಿಫ್ಟ್ ವೇಗವಾಗಿ ಕಂಪೈಲ್ ಮಾಡಲೆಂದೇ ಹುಟ್ಟಿದ್ದು. ನಿಮ್ಮ ಜಿಟ್ ರಸ್ಟ್‌ನಲ್ಲಿದ್ದರೆ ಮೊದಲು ಅದನ್ನೇ ನೋಡಿ.

ಇನ್ನೊಂದು ದಾರಿಯ ಹೆಸರು ಕಾಪಿ-ಅಂಡ್-ಪ್ಯಾಚ್. ಪ್ರತಿ ಬೈಟ್‌ಕೋಡ್‌ಗೂ ಬೇಕಾದ ಮೆಷಿನ್ ಕೋಡಿನ ಅಚ್ಚನ್ನು ಬಿಲ್ಡ್ ಮಾಡುವಾಗಲೇ ಕ್ಲ್ಯಾಂಗ್ ಎಂಬ ಸಿ ಕಂಪೈಲರ್‌ನಿಂದ ತಯಾರಿಸಿಕೊಂಡು, ಓಡುವಾಗ ಅದನ್ನು ನಕಲು ಮಾಡಿ ಖಾಲಿ ಜಾಗಗಳನ್ನು ತುಂಬುವುದು. 2024ರಲ್ಲಿ ಬಂದ ಪೈಥಾನ್ 3.13ರ ಪ್ರಾಯೋಗಿಕ ಜಿಟ್ ಹೀಗೇ ಕೆಲಸ ಮಾಡುತ್ತದೆ. ಹೊಸ ಪ್ರೊಸೆಸರ್‌ಗೆ ಅಸೆಂಬ್ಲರ್ (ಇನ್‌ಸ್ಟ್ರಕ್ಷನ್‌ಗಳನ್ನು ಬೈಟ್ ಮಾಡುವ ಭಾಗ) ಬರೆಯುವ ಕೆಲಸವೇ ಇಲ್ಲಿ ಇರುವುದಿಲ್ಲ. ಸಣ್ಣ ತಂಡಕ್ಕೆ ನಾನು ಧೈರ್ಯವಾಗಿ ಹೇಳುವ ದಾರಿ ಇದು. ಆದರೆ ಯಾವುದನ್ನು ಆರಿಸಿಕೊಂಡರೂ ಹಂತ 5ರಿಂದ ಮುಂದಿನ ಬಹುಪಾಲು ವಿಷಯಗಳು ನಿಮ್ಮ ಪಾಲಿಗೇ ಬರುತ್ತವೆ. ಮೆಮೊರಿ ಅನುಮತಿ, ಕ್ಯಾಶ್ (ಪ್ರೊಸೆಸರ್ ಪಕ್ಕದ ವೇಗದ ಮೆಮೊರಿ), ಥ್ರೆಡ್‌ಗಳ ನಡುವಿನ ಕ್ರಮ, ಇವನ್ನೆಲ್ಲ ಯಾವ ಲೈಬ್ರರಿಯೂ ಪೂರ್ತಿ ಮುಚ್ಚಿಡಲಾರದು.

ನಿಮ್ಮದೇ ಬ್ಯಾಕೆಂಡ್ (ಒಂದು ಪ್ರೊಸೆಸರ್‌ಗೆ ಮೆಷಿನ್ ಕೋಡ್ ಬರೆಯುವ ಭಾಗ) ಬೇಕು ಅಂತ ತೀರ್ಮಾನಿಸಿದರೆ ಮುಂದೆ ಓದಿ.

ಹಂತ 2: ಗಡಿ ಎಲ್ಲಿ ಅಂತ ಗೆರೆ ಎಳೆಯಿರಿ

ಮೊದಲು ಸೋರ್ಸ್ ಕೋಡಿನಲ್ಲಿ ಹುಡುಕಾಟ ನಡೆಸಿ. ಬೈಟ್‌ಕೋಡ್ ಓದುವ ಭಾಗದಲ್ಲಿ ಆರ್‌ಎಎಕ್ಸ್, ಆರ್‌ಎಸ್‌ಪಿ ಎಂಬ ಎಕ್ಸ್86 ರಿಜಿಸ್ಟರ್‌ಗಳ (ಪ್ರೊಸೆಸರ್ ಒಳಗೇ ಸಂಖ್ಯೆ ಇಡುವ ಜಾಗಗಳು) ಹೆಸರುಗಳು ಕಾಣುತ್ತವಾ? ಮೆಮೊರಿ ಪುಟದ ಗಾತ್ರ ಅಂತ 4096 ಎಂಬ ಸಂಖ್ಯೆ ಎಲ್ಲೆಲ್ಲಿದೆ? ಒಂದು ಇನ್‌ಸ್ಟ್ರಕ್ಷನ್ ಫ್ಲ್ಯಾಗ್ (ಲೆಕ್ಕದ ಫಲಿತಾಂಶ ಹೇಗಿತ್ತು ಅಂತ ಹೇಳುವ ಬಿಟ್) ಎಬ್ಬಿಸುತ್ತದೆ, ನಾಲ್ಕು ಸಾಲು ಬಿಟ್ಟು ಇನ್ನೊಂದು ಅದನ್ನು ಓದುತ್ತದೆ ಎಂಬ ನಂಬಿಕೆ ಎಲ್ಲಿದೆ? ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿ. ಹೊಸ ಕೋಡ್ ಒಂದು ಸಾಲೂ ಬರೆಯುವ ಮುಂಚೆ ಈ ಪಟ್ಟಿ ಕೈಯಲ್ಲಿರಲಿ.

ಆಮೇಲೆ ನಡುವೆ ಒಂದು ಸಣ್ಣ ಭಾಷೆ, ಅಂದರೆ ಐಆರ್, ಇಡಿ. ಕೂಡು, ಕಳೆ, ಮೆಮೊರಿಯಿಂದ ಓದು, ಮೆಮೊರಿಗೆ ಬರೆ, ಹೋಲಿಸಿ ಜಿಗಿ, ಸಿ ಫಂಕ್ಷನ್ ಕರೆ, ಹಿಂದಿರುಗು. ಶುರುವಿಗೆ ಇಂಥ ಕೆಲವೇ ಡಜನ್ ಆಪರೇಷನ್‌ಗಳು ಸಾಕು. ರಿಜಿಸ್ಟರ್‌ಗಳು ಇಲ್ಲಿ ಕಾಲ್ಪನಿಕ: ವಿ1, ವಿ2, ವಿ3. ವೈಜಿಟ್‌ನಲ್ಲಿ ಬಂದ ಹೊಸ ಪದರ ಇದೇ. ಅಲ್ಲಿ ಪ್ರತಿ ಪ್ರೊಸೆಸರ್‌ಗೂ ಎರಡು ಮುಖ್ಯ ಕೆಲಸ. ಮೊದಲನೆಯದು ಸ್ಪ್ಲಿಟ್: ಐಆರ್ ಆಪರೇಷನ್ ಈ ಪ್ರೊಸೆಸರ್‌ಗೆ ಒಗ್ಗದಿದ್ದರೆ ಅದನ್ನು ಒಡೆದು ಒಗ್ಗಿಸುವುದು. ಎರಡನೆಯದು ಎಮಿಟ್: ಬೈಟ್‌ಗಳನ್ನು ಬರೆಯುವುದು. ಈ ಎರಡನ್ನೂ ಬೇರೆ ಬೇರೆ ಇಡುವುದು ಬಹಳ ಒಳ್ಳೆಯ ಪದ್ಧತಿ, ನೀವೂ ಹಾಗೇ ಮಾಡಿ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ:

ವಿ3 = ವಿ1 + 5000

ಎಕ್ಸ್86-64ನಲ್ಲಿ ಇದು ಒಂದೇ ಇನ್‌ಸ್ಟ್ರಕ್ಷನ್. ಅಲ್ಲಿನ ಆ್ಯಡ್ ತನ್ನ ಎಡಗಡೆಯ ರಿಜಿಸ್ಟರನ್ನೇ ಅಳಿಸಿ ಉತ್ತರ ಬರೆಯುತ್ತದೆ. ಹಾಗಾಗಿ ವಿ1 ಉಳಿಯಬೇಕಾದರೆ ಉತ್ತರವನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆಯುವ ಎಲ್‌ಇಎ ಬಳಸಬೇಕು. 5000 ಅದರೊಳಗೇ ಹಿಡಿಸುತ್ತದೆ, 32 ಬಿಟ್ ಜಾಗ ಇದೆ.

ಆರ್ಮ್64ನಲ್ಲಿ ಆ್ಯಡ್ ಮೂರು ರಿಜಿಸ್ಟರ್‌ಗಳ ಇನ್‌ಸ್ಟ್ರಕ್ಷನ್, ವಿ1ಕ್ಕೆ ಏನೂ ಆಗುವುದಿಲ್ಲ. ಆದರೆ ಸಂಖ್ಯೆಗೆ ಇರುವುದು 12 ಬಿಟ್, ಅಂದರೆ 4095ರವರೆಗೆ. 5000 ಹಿಡಿಸುವುದಿಲ್ಲ. ಅದೇ 12 ಬಿಟ್‌ಗಳನ್ನು 12 ಸ್ಥಾನ ಎಡಕ್ಕೆ ಸರಿಸಿಯೂ ಕೊಡಬಹುದು. ಹಾಗಾಗಿ ಮೊದಲು 4096 ಕೂಡಿ, ಆಮೇಲೆ 904 ಕೂಡಿ. ಎರಡು ಇನ್‌ಸ್ಟ್ರಕ್ಷನ್.

ರಿಸ್ಕ್-ಫೈವ್‌ನಲ್ಲಿ 12 ಬಿಟ್‌ನಲ್ಲೇ ಚಿಹ್ನೆಯೂ ಸೇರಿದೆ: -2048ರಿಂದ 2047. ಸರಿಸಿ ಕೂಡುವ ಸೌಲಭ್ಯವೂ ಇಲ್ಲ. ಎಲ್‌ಯುಐ ಎಂಬ ಇನ್‌ಸ್ಟ್ರಕ್ಷನ್‌ನಿಂದ 4096 ತಂದು, ಅದಕ್ಕೆ 904 ಸೇರಿಸಿ, ಆ ಮೊತ್ತವನ್ನು ವಿ1ರ ಜೊತೆ ಕೂಡಬೇಕು. ಮೂರು ಇನ್‌ಸ್ಟ್ರಕ್ಷನ್, ಜೊತೆಗೆ ಒಂದು ತಾತ್ಕಾಲಿಕ ರಿಜಿಸ್ಟರ್ ಖಾಲಿ ಇರಬೇಕು.

ಸ್ಪ್ಲಿಟ್ ಕೆಲಸವನ್ನು ರಿಜಿಸ್ಟರ್ ಹಂಚುವ ಮುಂಚೆಯೇ ಯಾಕೆ ಮಾಡಬೇಕು ಅಂತ ಈಗ ಗೊತ್ತಾಯಿತಲ್ವಾ? ಆ ತಾತ್ಕಾಲಿಕ ರಿಜಿಸ್ಟರ್ ಬೇಕು ಅಂತ ಹಂಚುವವನಿಗೆ ಮೊದಲೇ ತಿಳಿದಿರಬೇಕು.

ಐಆರ್ ರೂಪಿಸುವಾಗ ಎರಡು ವಿಷಯ ಮರೆಯಬೇಡಿ. ಮೊದಲನೆಯದು, ಎಲ್ಲ ಲೆಕ್ಕದ ಆಪರೇಷನ್‌ಗಳಿಗೂ ಮೂರು ಹೆಸರು ಕೊಡಿ: ಉತ್ತರಕ್ಕೆ ಒಂದು, ಒಳಬರುವುದಕ್ಕೆ ಎರಡು. ಮೂರರಿಂದ ಎರಡಕ್ಕೆ ಇಳಿಸುವುದು ಸುಲಭ, ಎರಡರಿಂದ ಮೂರಕ್ಕೆ ಏರಿಸುವುದು ಕಷ್ಟ. ಎರಡನೆಯದು, ಹೋಲಿಕೆಯನ್ನೂ ಜಿಗಿತವನ್ನೂ ಒಂದೇ ಆಪರೇಷನ್ ಮಾಡಿ. ಎಕ್ಸ್86, ಆರ್ಮ್64 ಎರಡರಲ್ಲೂ ಫ್ಲ್ಯಾಗ್‌ಗಳಿವೆ. ರಿಸ್ಕ್-ಫೈವ್‌ನಲ್ಲಿ ಅವು ಇಲ್ಲವೇ ಇಲ್ಲ, ಅಲ್ಲಿ ಎರಡು ರಿಜಿಸ್ಟರ್ ಹೋಲಿಸಿ ಜಿಗಿಯುವುದು ಒಂದೇ ಇನ್‌ಸ್ಟ್ರಕ್ಷನ್. ಹೋಲಿಕೆ ಬೇರೆ, ಜಿಗಿತ ಬೇರೆ ಅಂತ ಐಆರ್ ಬರೆದಿದ್ದರೆ ಮೂರನೇ ಟಾರ್ಗೆಟ್ ಬಂದಾಗ ಮತ್ತೆ ಬಿಚ್ಚಿ ಹೊಲಿಯಬೇಕಾಗುತ್ತದೆ. ಓವರ್‌ಫ್ಲೋ ಆದರೆ (ಉತ್ತರ ರಿಜಿಸ್ಟರ್‌ಗೆ ಹಿಡಿಸದಿದ್ದರೆ) ಜಿಗಿ ಎಂಬುದನ್ನೂ ಹಾಗೇ ಒಂದೇ ಆಪರೇಷನ್ ಆಗಿ ಇಡಿ.

ಹಂತ 3: ಎರಡು ಇನ್‌ಸ್ಟ್ರಕ್ಷನ್‌ನಿಂದ ಶುರು ಮಾಡಿ

ಹೊಸ ಬ್ಯಾಕೆಂಡ್‌ನ ಮೊದಲ ಗುರಿ 42 ಹಿಂದಿರುಗಿಸುವ ಒಂದು ಫಂಕ್ಷನ್. ಆರ್ಮ್64ನಲ್ಲಿ ಎರಡು ಇನ್‌ಸ್ಟ್ರಕ್ಷನ್, 8 ಬೈಟ್. ಮೆಮೊರಿ ಪಡೆದು, 8 ಬೈಟ್ ಬರೆದು, ಓಡಿಸುವ ಅನುಮತಿ ಕೊಟ್ಟು, ಕ್ಯಾಶ್ ತೊಳೆದು (ಹಂತ 7 ನೋಡಿ), ಜಿಗಿದು, 42 ಪಡೆದು ವಾಪಸ್ ಬನ್ನಿ. ಇಷ್ಟು ಆದರೆ ಅಡಿಪಾಯ ಸರಿ ಇದೆ ಅಂತ ಅರ್ಥ.

ಆಮೇಲೆ ಒಂದೊಂದೇ ಆಪರೇಷನ್ ಸೇರಿಸಿ. ಇನ್ನೂ ಬರೆಯದ ಆಪರೇಷನ್ ಎದುರಾದರೆ ಕಂಪೈಲ್ ಮಾಡುವುದನ್ನು ಕೈಬಿಟ್ಟು, ಬೈಟ್‌ಕೋಡನ್ನು ಹಾಗೇ ಓದಿ ನಡೆಸುವ ಇಂಟರ್‌ಪ್ರಿಟರ್‌ಗೆ ಒಪ್ಪಿಸಿ. ಈ ಹಿಂದೆ ಸರಿಯುವ ದಾರಿ ಮೊದಲ ದಿನದಿಂದಲೇ ಇದ್ದರೆ ಅರ್ಧ ಬರೆದ ಬ್ಯಾಕೆಂಡ್ ಕೂಡ ಇಡೀ ಟೆಸ್ಟ್ ಪಟ್ಟಿಯನ್ನು ದಾಟುತ್ತದೆ. ಪ್ರತಿ ಆಪರೇಷನ್ ಸೇರಿಸಿದಾಗಲೂ ಏನು ಮುರಿಯಿತು ಅಂತ ಕೂಡಲೇ ಗೊತ್ತಾಗುತ್ತದೆ.

ಅಸೆಂಬ್ಲರ್ ಭಾಗಕ್ಕೆ ಪ್ರತ್ಯೇಕ ಟೆಸ್ಟ್ ಬರೆಯಿರಿ. ನಿಮ್ಮ ಕೋಡ್ ಕೊಟ್ಟ ಬೈಟ್‌ಗಳನ್ನು ಎಲ್‌ಎಲ್‌ವಿಎಂ-ಎಂಸಿ ಅಥವಾ ಗ್ನೂ ಅಸೆಂಬ್ಲರ್ ಕೊಡುವ ಬೈಟ್‌ಗಳ ಜೊತೆ ಹೋಲಿಸಿ. ರಿಜಿಸ್ಟರ್ ಸಂಖ್ಯೆ 0, 7, 8, 15, 31, ಇಂಥ ಅಂಚುಗಳನ್ನು ಬಿಡದೆ ಪರೀಕ್ಷಿಸಿ. ಎಕ್ಸ್86ನಲ್ಲಿ 8ರಿಂದ ಮುಂದಿನ ರಿಜಿಸ್ಟರ್‌ಗಳಿಗೆ ಪ್ರಿಫಿಕ್ಸ್ ಬೈಟಿನಲ್ಲಿ ಒಂದು ಬಿಟ್ ಬೇಕು. ಆರ್ಮ್64ನಲ್ಲಿ 31 ಎಂಬ ಸಂಖ್ಯೆ ಕೆಲವು ಇನ್‌ಸ್ಟ್ರಕ್ಷನ್‌ಗಳಲ್ಲಿ ಸ್ಟ್ಯಾಕ್ ಪಾಯಿಂಟರ್, ಇನ್ನು ಕೆಲವದರಲ್ಲಿ ಯಾವಾಗಲೂ ಸೊನ್ನೆ ಇರುವ ರಿಜಿಸ್ಟರ್. ರಿಜಿಸ್ಟರ್‌ಗೆ ಸಂಖ್ಯೆ ಕೂಡುವ ಆ್ಯಡ್‌ನಲ್ಲಿ ಅದು ಸ್ಟ್ಯಾಕ್ ಪಾಯಿಂಟರ್. ರಿಜಿಸ್ಟರ್‌ಗೆ ರಿಜಿಸ್ಟರ್ ಕೂಡುವ ಸಾಮಾನ್ಯ ಆ್ಯಡ್‌ನಲ್ಲಿ ಅದು ಸೊನ್ನೆ. ತಪ್ಪು ರೂಪ ಬಳಸಿದರೆ ಯಾವ ದೋಷವೂ ವರದಿಯಾಗುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ. ಅದಕ್ಕೇ ಸ್ಟ್ಯಾಕ್ ಪಾಯಿಂಟರ್‌ಗೂ ಸೊನ್ನೆಗೂ ನಿಮ್ಮ ಕೋಡಿನಲ್ಲಿ ಬೇರೆ ಬೇರೆ ಟೈಪ್ ಇರಲಿ.

ಇನ್ನೊಂದು ಸಲಹೆ: ಎಲ್ಲ ಬ್ಯಾಕೆಂಡ್‌ಗಳೂ ಎಲ್ಲ ಯಂತ್ರಗಳಲ್ಲೂ ಬಿಲ್ಡ್ ಆಗುವಂತೆ ಇಡಿ. ಆರ್ಮ್64 ಬೈಟ್‌ಗಳನ್ನು ಬರೆಯಲು ಆರ್ಮ್ ಯಂತ್ರವೇ ಬೇಕಾಗಿಲ್ಲ. ಹೀಗಿದ್ದರೆ ಎಕ್ಸ್86 ಲ್ಯಾಪ್‌ಟಾಪ್‌ನಲ್ಲಿ ಕೂತವರೂ ಆರ್ಮ್ ಬ್ಯಾಕೆಂಡ್ ಕೆಡಿಸಿದ್ದನ್ನು ಆಗಲೇ ಕಂಡುಕೊಳ್ಳುತ್ತಾರೆ.

ಹಂತ 4: ಕರೆಯುವ ಪದ್ಧತಿಯನ್ನು ಪ್ರೊಸೆಸರ್‌ಗಲ್ಲ, ಜೋಡಿಗೆ ಬರೆಯಿರಿ

ಫಂಕ್ಷನ್ ಕರೆಯುವ ನಿಯಮ ಪ್ರೊಸೆಸರ್ ಒಂದರಿಂದ ತೀರ್ಮಾನವಾಗುವುದಿಲ್ಲ. ಪ್ರೊಸೆಸರ್ ಮತ್ತು ಆಪರೇಟಿಂಗ್ ಸಿಸ್ಟಂ ಎರಡೂ ಸೇರಿ ಅದನ್ನು ತೀರ್ಮಾನಿಸುತ್ತವೆ. ಎಕ್ಸ್86-64 ಲಿನಕ್ಸ್‌ನಲ್ಲಿ ಮೊದಲ 6 ಪೂರ್ಣಾಂಕಗಳು ರಿಜಿಸ್ಟರ್‌ನಲ್ಲಿ ಹೋಗುತ್ತವೆ. ವಿಂಡೋಸ್‌ನಲ್ಲಿ 4 ಮಾತ್ರ, ರಿಜಿಸ್ಟರ್‌ಗಳ ಕ್ರಮವೂ ಬೇರೆ, ಜೊತೆಗೆ ಸ್ಟ್ಯಾಕ್‌ನಲ್ಲಿ 32 ಬೈಟ್ ಖಾಲಿ ಬಿಡಬೇಕು. ಆರ್ಮ್64, ರಿಸ್ಕ್-ಫೈವ್ ಎರಡರಲ್ಲೂ 8. ಆರ್ಮ್64ನ ಎಕ್ಸ್18 ರಿಜಿಸ್ಟರ್ ಲಿನಕ್ಸ್‌ನಲ್ಲಿ ಬಳಸಿದರೂ ನಡೆಯುತ್ತದೆ, ಆದರೆ ಆ್ಯಪಲ್ ಮತ್ತು ವಿಂಡೋಸ್‌ನಲ್ಲಿ ಅದು ಸಿಸ್ಟಂಗೆ ಮೀಸಲು. ಎಲ್ಲ ಕಡೆ ಅದನ್ನು ಮುಟ್ಟದೇ ಇರುವುದು ಕ್ಷೇಮ.

ಮ್ಯಾಕ್‌ನಲ್ಲಿ ಇನ್ನೊಂದು ಹಳ್ಳ ಇದೆ. ಪ್ರಿಂಟ್‌ಎಫ್ ಥರ ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಫಂಕ್ಷನ್‌ಗಳಿಗೆ ಆ್ಯಪಲ್‌ನ ಆರ್ಮ್64 ಪದ್ಧತಿ ಆ ಹೆಚ್ಚುವರಿ ಆರ್ಗ್ಯುಮೆಂಟ್‌ಗಳನ್ನು ಸ್ಟ್ಯಾಕ್‌ನಲ್ಲೇ ಕೊಡುತ್ತದೆ. ಲಿನಕ್ಸ್ ಆರ್ಮ್64ನಲ್ಲಿ ಸರಿಯಾಗಿ ಓಡಿದ ಕರೆ ಅಲ್ಲಿ ಕಸ ಮುದ್ರಿಸುತ್ತದೆ. ಜಿಟ್ ಕೋಡಿನಿಂದ ಇಂಥ ಫಂಕ್ಷನ್‌ಗಳನ್ನು ನೇರವಾಗಿ ಕರೆಯಬೇಡಿ. ಇಷ್ಟೇ ಆರ್ಗ್ಯುಮೆಂಟ್ ಅಂತ ಗೊತ್ತಿರುವ ಒಂದು ಸಣ್ಣ ಸಿ ಫಂಕ್ಷನ್ ನಡುವೆ ಇಡಿ.

ಸ್ಟ್ಯಾಕ್ ವಿಷಯ. ಎಕ್ಸ್86ನಲ್ಲಿ ಕಾಲ್ ಇನ್‌ಸ್ಟ್ರಕ್ಷನ್ ಹಿಂದಿರುಗುವ ವಿಳಾಸವನ್ನು ಸ್ಟ್ಯಾಕ್‌ಗೆ ತಳ್ಳುತ್ತದೆ. ಆರ್ಮ್64, ರಿಸ್ಕ್-ಫೈವ್‌ಗಳಲ್ಲಿ ಅದು ಒಂದು ರಿಜಿಸ್ಟರ್‌ಗೆ ಹೋಗುತ್ತದೆ. ಇನ್ನೊಂದು ಫಂಕ್ಷನ್ ಕರೆಯುವ ಮುಂಚೆ ಅದನ್ನು ಉಳಿಸಿಕೊಳ್ಳುವ ಹೊಣೆ ನಿಮ್ಮದು. ಆರ್ಮ್64ನಲ್ಲಿ ಸ್ಟ್ಯಾಕ್ ಪಾಯಿಂಟರ್ ಮೂಲಕ ಮೆಮೊರಿ ಮುಟ್ಟುವಾಗ ಅದು 16ರ ಗುಣಕವಾಗಿರಲೇಬೇಕು, ಇಲ್ಲದಿದ್ದರೆ ಅಲ್ಲೇ ಕ್ರ್ಯಾಶ್. ಹಾಗಾಗಿ ಒಂದೊಂದೇ ರಿಜಿಸ್ಟರ್ ಪುಶ್ ಮಾಡುವ ಎಕ್ಸ್86 ಅಭ್ಯಾಸ ಬಿಟ್ಟು ಎರಡೆರಡಾಗಿ ಇಡಿ, ಅಥವಾ ಫಂಕ್ಷನ್ ಶುರುವಿನಲ್ಲೇ ಇಡೀ ಫ್ರೇಮಿಗೆ ಜಾಗ ತೆಗೆದುಕೊಳ್ಳಿ. ಐಆರ್‌ನಲ್ಲಿ ಪುಶ್, ಪಾಪ್ ಎಂಬ ಆಪರೇಷನ್‌ಗಳೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ವಿಎಂ (ನಿಮ್ಮ ಭಾಷೆಯನ್ನು ಓಡಿಸುವ ವರ್ಚುವಲ್ ಮೆಷಿನ್) ಸ್ಥಿತಿಗೆ ಬೇಕಾದ ಪಾಯಿಂಟರ್‌ಗಳನ್ನು, ಕರೆದ ಫಂಕ್ಷನ್ ಉಳಿಸಿಕೊಡಲೇಬೇಕಾದ ರಿಜಿಸ್ಟರ್‌ಗಳಲ್ಲಿ ಇಡಿ. ಲಿನಕ್ಸ್ ಎಕ್ಸ್86-64ನಲ್ಲಿ ಅವು ಆರ್‌ಬಿಎಕ್ಸ್, ಆರ್‌ಬಿಪಿ ಮತ್ತು ಆರ್12ರಿಂದ ಆರ್15. ಆರ್ಮ್64ನಲ್ಲಿ ಎಕ್ಸ್19ರಿಂದ ಎಕ್ಸ್28. ರಿಸ್ಕ್-ಫೈವ್‌ನಲ್ಲಿ ಎಸ್0ದಿಂದ ಎಸ್11.

ಹಂತ 5: ಜಿಗಿತದ ದೂರ ಲೆಕ್ಕ ಹಾಕಿ

ಎಕ್ಸ್86-64ನಲ್ಲಿ ಬರೆದವರಿಗೆ ದೂರದ ಚಿಂತೆ ಅಭ್ಯಾಸವಿರುವುದಿಲ್ಲ. ಅಲ್ಲಿ ಜಂಪ್ ಎರಡೂ ಕಡೆ 2 ಜಿಬಿ ತಲುಪುತ್ತದೆ. ಆರ್ಮ್64ನಲ್ಲಿ ಷರತ್ತಿಲ್ಲದ ಜಂಪ್ 128 ಎಂಬಿ, ಷರತ್ತಿನ ಜಂಪ್ 1 ಎಂಬಿ, ಒಂದು ಬಿಟ್ ಪರೀಕ್ಷಿಸಿ ಜಿಗಿಯುವುದು ಬರೀ 32 ಕೆಬಿ. ರಿಸ್ಕ್-ಫೈವ್‌ನಲ್ಲಿ ಷರತ್ತಿನ ಜಂಪ್ 4 ಕೆಬಿ, ಷರತ್ತಿಲ್ಲದ್ದು 1 ಎಂಬಿ. ಅದಕ್ಕೂ ದೂರ ಹೋಗಲು ಎರಡು ಇನ್‌ಸ್ಟ್ರಕ್ಷನ್ ಬೇಕು.

4 ಕೆಬಿ ಅಂದರೆ ಸುಮಾರು ಒಂದು ಸಾವಿರ ಇನ್‌ಸ್ಟ್ರಕ್ಷನ್ ಅಷ್ಟೇ. ದೊಡ್ಡ ಫಂಕ್ಷನ್‌ನಲ್ಲಿ ಮುಖ್ಯ ದಾರಿಯನ್ನೂ ಅಪರೂಪದ ದಾರಿಯನ್ನೂ ಬೇರೆ ಬೇರೆ ಜಾಗದಲ್ಲಿ ಇಡುವ ಜಿಟ್‌ಗಳಿಗೆ ಇದು ಬೇಗ ತಗಲುತ್ತದೆ. ಪರಿಹಾರ ಹೀಗೆ: ಷರತ್ತನ್ನು ತಿರುವು ಹಾಕಿ, ಮುಂದಿನ ಇನ್‌ಸ್ಟ್ರಕ್ಷನ್ ಹಾರಿಸಿ, ಆ ಮುಂದಿನದರಲ್ಲಿ ದೂರದ ಜಂಪ್ ಇಡಿ. ಸಮಾನವಾದರೆ ದೂರ ಹೋಗು ಎಂಬುದು, ಸಮಾನವಲ್ಲದಿದ್ದರೆ ಒಂದು ಹಾರು, ದೂರ ಹೋಗು ಅಂತ ಆಗುತ್ತದೆ. ಮೊದಲ ಆವೃತ್ತಿಯಲ್ಲಿ ಯಾವಾಗಲೂ ದೂರದ ರೂಪವನ್ನೇ ಬರೆಯಿರಿ. ಹತ್ತಿರ ಇದ್ದಾಗ ಚಿಕ್ಕದು ಮಾಡುವ ಬುದ್ಧಿವಂತಿಕೆ ಆಮೇಲೆ ಸೇರಲಿ. ಕೋಡಿಗೆ ಮೀಸಲಿಟ್ಟ ಇಡೀ ಮೆಮೊರಿಯನ್ನು ಒಂದೇ ಸಲ, ಒಂದೇ ಜಾಗದಲ್ಲಿ, 128 ಎಂಬಿ ಒಳಗೆ ಪಡೆದರೆ ಆರ್ಮ್64ನಲ್ಲಿ ಒಳಗಿನ ಕರೆಗಳೆಲ್ಲ ನೇರವಾಗಿ ನಡೆಯುತ್ತವೆ. ಹೊರಗಿನ ಸಿ ಫಂಕ್ಷನ್‌ಗಳು ದೂರ ಇರಬಹುದು, ಅವನ್ನು ರಿಜಿಸ್ಟರ್ ಮೂಲಕ ಕರೆಯಿರಿ.

ಓಡುತ್ತಿರುವ ಕೋಡನ್ನು ಆಮೇಲೆ ತಿದ್ದುತ್ತೀರಾದರೆ ಇಲ್ಲಿ ಎಚ್ಚರ ಬೇಕು. ಆರ್ಮ್64ನಲ್ಲಿ ಬೇರೆ ಥ್ರೆಡ್ ಓಡಿಸುತ್ತಿರುವಾಗಲೇ ಬದಲಿಸಬಹುದಾದ ಇನ್‌ಸ್ಟ್ರಕ್ಷನ್‌ಗಳ ಪಟ್ಟಿ ಚಿಕ್ಕದು. ನೇರ ಜಂಪ್ ಮತ್ತು ನೋಪ್ (ಏನೂ ಮಾಡದ ಇನ್‌ಸ್ಟ್ರಕ್ಷನ್) ಅದರಲ್ಲಿವೆ. ಉಳಿದವನ್ನು ತಿದ್ದಬೇಕಾದರೆ ಎಲ್ಲ ಥ್ರೆಡ್‌ಗಳನ್ನೂ ನಿಲ್ಲಿಸಿ.

ಹಂತ 6: ಒಂದೇ ಹೆಸರು, ಬೇರೆ ಅರ್ಥ

ಇದು ಎಲ್ಲಕ್ಕಿಂತ ಮುಖ್ಯ ಹಂತ ಅಂತ ನನ್ನ ಅಭಿಪ್ರಾಯ. ಭಾಗಾಕಾರ ಎಲ್ಲ ಪ್ರೊಸೆಸರ್‌ನಲ್ಲೂ ಇದೆ. ಸೊನ್ನೆಯಿಂದ ಭಾಗಿಸಿದರೆ ಏನಾಗುತ್ತದೆ? ಎಕ್ಸ್86ನಲ್ಲಿ ಟ್ರ್ಯಾಪ್ ಆಗುತ್ತದೆ, ಅಂದರೆ ಪ್ರೊಸೆಸರ್ ಅಲ್ಲೇ ನಿಂತು ಆಪರೇಟಿಂಗ್ ಸಿಸ್ಟಂಗೆ ಹೇಳುತ್ತದೆ, ಲಿನಕ್ಸ್ ನಿಮ್ಮ ಪ್ರೋಗ್ರಾಂಗೆ ಸಿಗ್ನಲ್ ಕಳಿಸುತ್ತದೆ. ಆರ್ಮ್64 ಸುಮ್ನೆ 0 ಕೊಡುತ್ತದೆ. ರಿಸ್ಕ್-ಫೈವ್ -1 ಕೊಡುತ್ತದೆ. ಸಿಗ್ನಲ್ ಹಿಡಿದು ಅದನ್ನೇ ನಿಮ್ಮ ಭಾಷೆಯ ಎಕ್ಸೆಪ್ಷನ್ ಮಾಡುವ ಜಾಣತನ ಎಕ್ಸ್86ನಲ್ಲಿ ನಡೆಯುತ್ತಿತ್ತು. ಉಳಿದೆರಡರಲ್ಲಿ ಸಿಗ್ನಲ್ಲೇ ಬರುವುದಿಲ್ಲ, ಪ್ರೋಗ್ರಾಂ ತಪ್ಪು ಉತ್ತರದೊಂದಿಗೆ ಮುಂದೆ ಹೋಗುತ್ತದೆ. ಅತಿ ಚಿಕ್ಕ ಋಣಸಂಖ್ಯೆಯನ್ನು -1ರಿಂದ ಭಾಗಿಸಿದಾಗಲೂ ಹಾಗೇ: ಎಕ್ಸ್86 ಟ್ರ್ಯಾಪ್, ಉಳಿದೆರಡು ಅದೇ ಸಂಖ್ಯೆಯನ್ನು ವಾಪಸ್ ಕೊಡುತ್ತವೆ.

ದಶಾಂಶ ಸಂಖ್ಯೆಯನ್ನು ಪೂರ್ಣಾಂಕ ಮಾಡುವುದನ್ನು ನೋಡಿ. 64 ಬಿಟ್‌ಗೆ ಹಿಡಿಸದಷ್ಟು ದೊಡ್ಡ ಸಂಖ್ಯೆ ಕೊಟ್ಟರೆ ಎಕ್ಸ್86 ಅತಿ ಚಿಕ್ಕ ಋಣಸಂಖ್ಯೆ ಕೊಡುತ್ತದೆ. ಆರ್ಮ್64 ಮತ್ತು ರಿಸ್ಕ್-ಫೈವ್ ಅತಿ ದೊಡ್ಡ ಧನಸಂಖ್ಯೆ ಕೊಡುತ್ತವೆ. ನ್ಯಾನ್ (ಸಂಖ್ಯೆಯೇ ಅಲ್ಲ ಎಂಬ ಗುರುತು) ಕೊಟ್ಟರೆ ಮೂರೂ ಮೂರು ದಾರಿ: ಎಕ್ಸ್86 ಅದೇ ಅತಿ ಚಿಕ್ಕ ಸಂಖ್ಯೆ, ಆರ್ಮ್64 ಸೊನ್ನೆ, ರಿಸ್ಕ್-ಫೈವ್ ಅತಿ ದೊಡ್ಡ ಸಂಖ್ಯೆ. ಎಕ್ಸ್86ನ ಆ ವಿಚಿತ್ರ ಸಂಖ್ಯೆ ಬಂತಾ ಅಂತ ನೋಡಿ ನಿಧಾನದ ದಾರಿಗೆ ಜಿಗಿಯುವ ಕೋಡ್ ನಿಮ್ಮಲ್ಲಿದ್ದರೆ ಅದು ಬೇರೆ ಕಡೆ ಇಂಥ ದೊಡ್ಡ ಧನಸಂಖ್ಯೆಗೂ ನ್ಯಾನ್‌ಗೂ ಜಿಗಿಯುವುದಿಲ್ಲ.

ಇನ್ನೂ ಸೂಕ್ಷ್ಮವಾದದ್ದು 32 ಬಿಟ್ ಲೆಕ್ಕ. ಎಕ್ಸ್86-64 ಮತ್ತು ಆರ್ಮ್64ನಲ್ಲಿ 32 ಬಿಟ್ ಲೆಕ್ಕ ಮಾಡಿದರೆ ಮೇಲಿನ 32 ಬಿಟ್ ಸೊನ್ನೆಯಾಗುತ್ತದೆ. ರಿಸ್ಕ್-ಫೈವ್‌ನಲ್ಲಿ ಮೇಲಿನ ಅರ್ಧಕ್ಕೆ ಚಿಹ್ನೆಯ ಬಿಟ್ ತುಂಬಿಕೊಳ್ಳುತ್ತದೆ. ಸಿ ಫಂಕ್ಷನ್‌ಗೆ ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆ ಕೊಡುವಾಗಲೂ ಅಲ್ಲಿನ ಪದ್ಧತಿ ಹಾಗೇ ತುಂಬಿ ಕೊಡಬೇಕು ಅನ್ನುತ್ತದೆ. ಅರೇ ಇಂಡೆಕ್ಸ್‌ನಲ್ಲಿ ಇದು ತಪ್ಪಿದರೆ ಎಲ್ಲೋ ದೂರದ ಮೆಮೊರಿ ಮುಟ್ಟುತ್ತೀರಿ. ಶಿಫ್ಟ್ (ಬಿಟ್‌ಗಳನ್ನು ಪಕ್ಕಕ್ಕೆ ಸರಿಸುವುದು) ವಿಷಯದಲ್ಲಿ ಈ ಮೂರೂ ಒಂದೇ ಥರ ಇವೆ. ಹಳೆಯ 32 ಬಿಟ್ ಆರ್ಮ್ ಮಾತ್ರ ಬೇರೆ: ಅಲ್ಲಿ 32 ಸ್ಥಾನ ಸರಿಸಿದರೆ ಸೊನ್ನೆ ಬರುತ್ತದೆ, ಎಕ್ಸ್86ನಲ್ಲಿ ಸಂಖ್ಯೆ ಹಾಗೇ ಉಳಿಯುತ್ತದೆ.

ಮಾಡಬೇಕಾದದ್ದು ಇಷ್ಟು. ಐಆರ್‌ನ ಪ್ರತಿ ಆಪರೇಷನ್‌ಗೂ ಅಂಚಿನ ಸಂದರ್ಭಗಳ ಸಮೇತ ಅರ್ಥ ಬರೆದಿಡಿ. ಭಾಗಾಕಾರಕ್ಕೆ, ಸೊನ್ನೆ ಬಂದರೆ ಫಲಿತಾಂಶ ಗೊತ್ತಿಲ್ಲ, ಕರೆಯುವವರು ಮೊದಲೇ ಪರೀಕ್ಷಿಸಬೇಕು ಅಂತ ಬರೆದರೂ ಪರವಾಗಿಲ್ಲ, ಆದರೆ ಬರೆಯಿರಿ. ಬರೆಯದೆ ಬಿಟ್ಟರೆ ಎಕ್ಸ್86 ಮಾಡಿದ್ದೇ ಅರ್ಥ ಆಗಿಬಿಡುತ್ತದೆ.

ಹಂತ 7: ಬರೆದ ಕೋಡ್ ಪ್ರೊಸೆಸರ್‌ಗೆ ಕಾಣಬೇಕು

ಎಕ್ಸ್86ನಲ್ಲಿ ಕೋಡ್ ಬರೆದ ಮೇಲೆ ಇನ್‌ಸ್ಟ್ರಕ್ಷನ್ ಕ್ಯಾಶ್ ಬಗ್ಗೆ ನೀವು ಏನೂ ಮಾಡಬೇಕಾಗಿಲ್ಲ, ಹಾರ್ಡ್‌ವೇರೇ ನೋಡಿಕೊಳ್ಳುತ್ತದೆ. ಆರ್ಮ್64ನಲ್ಲಿ ಡೇಟಾ ಕ್ಯಾಶ್ ಬೇರೆ, ಇನ್‌ಸ್ಟ್ರಕ್ಷನ್ ಕ್ಯಾಶ್ ಬೇರೆ. ಬರೆದದ್ದನ್ನು ಡೇಟಾ ಕ್ಯಾಶ್‌ನಿಂದ ಕೆಳಗಿಳಿಸಿ, ಇನ್‌ಸ್ಟ್ರಕ್ಷನ್ ಕ್ಯಾಶ್‌ನ ಹಳೆಯ ಪ್ರತಿಯನ್ನು ಅಳಿಸಿ, ಆಮೇಲೆ ಓಡಿಸಬೇಕು. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಇದಕ್ಕೆ ಕ್ಲಿಯರ್ ಕ್ಯಾಶ್ ಎಂಬ ಬಿಲ್ಟಿನ್ ಇದೆ. ಅದನ್ನೇ ಬಳಸಿ.

ಈ ಕೆಲಸ ಎಷ್ಟು ನಾಜೂಕು ಅಂತ 2016ರಲ್ಲಿ, ಡಾಟ್‌ನೆಟ್ ಪ್ರೋಗ್ರಾಂಗಳನ್ನು ಓಡಿಸುವ ಮೋನೋದ ತಂಡಕ್ಕೆ ಎದುರಾದ ಒಂದು ಬಗ್ ತೋರಿಸುತ್ತದೆ. ಕೆಲವು ಫೋನ್‌ಗಳಲ್ಲಿ ಮಾತ್ರ, ಆಗೊಮ್ಮೆ ಈಗೊಮ್ಮೆ, ಸರಿಯಾಗೇ ಇರುವ ಕೋಡಿನ ಮೇಲೆ ತಪ್ಪು ಇನ್‌ಸ್ಟ್ರಕ್ಷನ್ ಎಂಬ ಕ್ರ್ಯಾಶ್ ಬರುತ್ತಿತ್ತು. ಕ್ರ್ಯಾಶ್ ಆದ ವಿಳಾಸಗಳನ್ನು ಸಾಲಾಗಿ ಇಟ್ಟು ನೋಡಿದಾಗ ಎಲ್ಲವೂ 128 ಬೈಟ್ ತುಂಡುಗಳ ಎರಡನೇ ಅರ್ಧದಲ್ಲೇ ಬಿದ್ದಿದ್ದವು. ಸ್ಯಾಮ್‌ಸಂಗ್‌ನ ಎಕ್ಸಿನೋಸ್ 8890 ಚಿಪ್‌ನಲ್ಲಿ ದೊಡ್ಡ ಕೋರ್‌ಗಳ ಕ್ಯಾಶ್ ಲೈನ್ 128 ಬೈಟ್, ಚಿಕ್ಕ ಕೋರ್‌ಗಳದ್ದು 64 ಬೈಟ್. ಕ್ಯಾಶ್ ತೊಳೆಯುವ ಫಂಕ್ಷನ್ ಮೊದಲ ಸಲ ಓಡಿದಾಗ ಆ ಅಳತೆಯನ್ನು ಓದಿ ಎತ್ತಿಟ್ಟುಕೊಳ್ಳುತ್ತಿತ್ತು. ಮೊದಲ ಸಲ ದೊಡ್ಡ ಕೋರ್‌ನಲ್ಲಿ ಓಡಿ, ಆಮೇಲೆ ಥ್ರೆಡ್ ಚಿಕ್ಕ ಕೋರ್‌ಗೆ ಹೋದರೆ 128 ಬೈಟ್‌ಗೊಂದರಂತೆ ತೊಳೆದು, ನಡುವಿನ ಲೈನ್‌ಗಳನ್ನು ಹಾಗೇ ಬಿಡುತ್ತಿತ್ತು. ಇದರಿಂದ ಕಲಿಯಬೇಕಾದದ್ದು ನೇರವಾಗಿದೆ: ಪ್ರೊಸೆಸರ್ ಬಗ್ಗೆ ಒಂದು ಸಲ ಓದಿದ್ದು ಎಲ್ಲ ಕೋರ್‌ಗೂ ಅನ್ವಯಿಸುತ್ತದೆ ಅಂತ ನಂಬಬೇಡಿ.

ರಿಸ್ಕ್-ಫೈವ್‌ನಲ್ಲಿ ಫೆನ್ಸ್-ಐ ಎಂಬ ಇನ್‌ಸ್ಟ್ರಕ್ಷನ್ ಇದೆ, ಆದರೆ ಅದು ಓಡಿದ ಕೋರ್‌ಗೆ ಮಾತ್ರ ಅನ್ವಯ. ಲಿನಕ್ಸ್‌ನಲ್ಲಿ ಎಲ್ಲ ಕೋರ್‌ಗೂ ಹೇಳಲು ಪ್ರತ್ಯೇಕ ಸಿಸ್ಟಂ ಕಾಲ್ ಇದೆ. ಅದೇ ಬಿಲ್ಟಿನ್ ಬಳಸಿದರೆ ಆ ಕರೆ ಅದರೊಳಗೇ ನಡೆಯುತ್ತದೆ.

ಇನ್ನು ಮೆಮೊರಿ ಅನುಮತಿ. ಬರೆಯಲೂ ಓಡಿಸಲೂ ಒಟ್ಟಿಗೇ ಅನುಮತಿ ಇರುವ ಪುಟಗಳನ್ನು ಎಲ್ಲೂ ಬಳಸಬೇಡಿ. ಬರೆಯಿರಿ, ಆಮೇಲೆ ಎಂಪ್ರೊಟೆಕ್ಟ್‌ನಿಂದ ಓಡಿಸುವ ಅನುಮತಿಗೆ ಬದಲಿಸಿ. 2020ರ ಕೊನೆಗೆ ಬಂದ ಆ್ಯಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ಇದು ಕಡ್ಡಾಯ. ಅಲ್ಲಿ ಎಂಮ್ಯಾಪ್‌ಗೆ ಮ್ಯಾಪ್-ಜಿಟ್ ಎಂಬ ಫ್ಲ್ಯಾಗ್ ಕೊಟ್ಟು ಮೆಮೊರಿ ಪಡೆಯಬೇಕು, ಬರೆಯುವ ಮತ್ತು ಓಡಿಸುವ ಸ್ಥಿತಿಯ ನಡುವೆ ಬದಲಿಸಲು ಪ್ರತ್ಯೇಕ ಕರೆ ಇದೆ. ಆ ಬದಲಾವಣೆ ಕರೆದ ಥ್ರೆಡ್‌ಗೆ ಮಾತ್ರ ಅನ್ವಯ. ಒಂದು ಥ್ರೆಡ್ ಕಂಪೈಲ್ ಮಾಡುತ್ತಿದ್ದಾಗ ಇನ್ನೊಂದು ಓಡಿಸುತ್ತಿರಬಹುದು, ಅದಕ್ಕೇನೂ ತೊಂದರೆ ಇಲ್ಲ. ಪುಟದ ಗಾತ್ರ ಅಲ್ಲಿ 16 ಕೆಬಿ, ಕೆಲವು ಆರ್ಮ್ ಸರ್ವರ್‌ಗಳಲ್ಲಿ 64 ಕೆಬಿ. ಹಂತ 2ರಲ್ಲಿ ಹುಡುಕಿದ 4096 ಈಗ ಉಪಯೋಗಕ್ಕೆ ಬಂತು. ಎಲ್ಲ ಕಡೆ ಸಿಸ್ಟಂನಿಂದಲೇ ಕೇಳಿ ತಿಳಿಯಿರಿ.

ಹಂತ 8: ಥ್ರೆಡ್‌ಗಳ ನಡುವಿನ ಕ್ರಮ

ನಿಮ್ಮ ಭಾಷೆಯಲ್ಲಿ ಥ್ರೆಡ್ ಇಲ್ಲದಿದ್ದರೆ ಇದನ್ನು ಬಿಟ್ಟು ಮುಂದೆ ಹೋಗಬಹುದು. ಇದ್ದರೆ ಹೀಗೆ: ಹೊಸ ಆಬ್ಜೆಕ್ಟ್‌ನ ಒಳಗಿನದನ್ನೆಲ್ಲ ಬರೆದು, ಆಮೇಲೆ ಅದರ ಪಾಯಿಂಟರನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಇಡುತ್ತೀರಿ. ಎಕ್ಸ್86ನಲ್ಲಿ ಬರೆದ ಕ್ರಮದಲ್ಲೇ ಬೇರೆ ಕೋರ್‌ಗಳಿಗೂ ಕಾಣುತ್ತದೆ. ಆರ್ಮ್64, ರಿಸ್ಕ್-ಫೈವ್‌ಗಳಲ್ಲಿ ಆ ಖಾತ್ರಿ ಇಲ್ಲ. ಪಾಯಿಂಟರ್ ಮೊದಲು ಕಾಣಿಸಿ, ಒಳಗಿನದು ಇನ್ನೂ ಹಳೆಯದೇ ಇರಬಹುದು. ಐಆರ್‌ನಲ್ಲಿ ಸಾಮಾನ್ಯ ಬರೆ ಮತ್ತು ಬಿಡುಗಡೆಯ ಬರೆ (ಹಿಂದೆ ಬರೆದದ್ದೆಲ್ಲ ಕಂಡ ಮೇಲೇ ಕಾಣುವುದು) ಅಂತ ಎರಡು ಆಪರೇಷನ್ ಇಡಿ. ಎಕ್ಸ್86ನಲ್ಲಿ ಎರಡಕ್ಕೂ ಒಂದೇ ಇನ್‌ಸ್ಟ್ರಕ್ಷನ್ ಬರುತ್ತದೆ. ಆರ್ಮ್64ನಲ್ಲಿ ಎರಡನೆಯದಕ್ಕೆ ಎಸ್‌ಟಿಎಲ್‌ಆರ್ ಬರುತ್ತದೆ, ರಿಸ್ಕ್-ಫೈವ್‌ನಲ್ಲಿ ಮುಂಚೆ ಒಂದು ಫೆನ್ಸ್ (ಕ್ರಮ ಕಾಯುವ ಇನ್‌ಸ್ಟ್ರಕ್ಷನ್) ಬರುತ್ತದೆ.

ಹಂತ 9: ಒಂದೇ ಪ್ರೊಸೆಸರ್ ಕುಟುಂಬದೊಳಗಿನ ವ್ಯತ್ಯಾಸ

ಎಕ್ಸ್86-64 ಅಂದರೆ ಒಂದೇ ಅಲ್ಲ. ಹಲವು ಸಂಖ್ಯೆಗಳನ್ನು ಒಟ್ಟಿಗೇ ಲೆಕ್ಕ ಮಾಡುವ ಎವಿಎಕ್ಸ್2 ಇರುವುದೂ ಇದೆ, ಇಲ್ಲದ್ದೂ ಇದೆ. ಆರ್ಮ್‌ನಲ್ಲಿ 8.1 ಆವೃತ್ತಿಯಿಂದ ಹೊಸ ಅಟಾಮಿಕ್ ಇನ್‌ಸ್ಟ್ರಕ್ಷನ್‌ಗಳಿವೆ. ಜಿಟ್‌ಗೆ ಇಲ್ಲಿ ದೊಡ್ಡ ಅನುಕೂಲ: ಯಾವ ಯಂತ್ರದಲ್ಲಿ ಓಡುತ್ತಿದ್ದೇವೆ ಅಂತ ಆಗಲೇ ಕೇಳಿ ತಿಳಿಯಬಹುದು. ಎಕ್ಸ್86ನಲ್ಲಿ ಸಿಪಿಯುಐಡಿ, ಲಿನಕ್ಸ್ ಆರ್ಮ್‌ನಲ್ಲಿ ಕರ್ನಲ್ ಕೊಡುವ ಹೆಚ್‌ಡಬ್ಲ್ಯೂಕ್ಯಾಪ್ ಬಿಟ್‌ಗಳು, ರಿಸ್ಕ್-ಫೈವ್‌ನಲ್ಲಿ ಲಿನಕ್ಸ್ 6.4ರಿಂದ ಬಂದ ಹೆಚ್‌ಡಬ್ಲ್ಯೂಪ್ರೋಬ್. ಎವಿಎಕ್ಸ್‌ಗೆ ಸಿಪಿಯುಐಡಿ ಹೌದು ಅಂದರೆ ಸಾಲದು, ಆಪರೇಟಿಂಗ್ ಸಿಸ್ಟಂ ಆ ದೊಡ್ಡ ರಿಜಿಸ್ಟರ್‌ಗಳನ್ನು ಉಳಿಸಿಕೊಡುತ್ತದಾ ಅಂತಲೂ ನೋಡಬೇಕು.

ಮೊದಲು ಎಲ್ಲ ಯಂತ್ರದಲ್ಲೂ ಓಡುವ ಕನಿಷ್ಠ ರೂಪ ಬರೆಯಿರಿ. ಹೊಸ ಇನ್‌ಸ್ಟ್ರಕ್ಷನ್‌ಗಳನ್ನು ಅಳೆದು, ಲಾಭ ಕಂಡರೆ ಮಾತ್ರ ಸೇರಿಸಿ. ಪ್ರತಿಯೊಂದನ್ನೂ ಕಮಾಂಡ್ ಲೈನ್‌ನಿಂದ ಆಫ್ ಮಾಡುವ ಸೌಲಭ್ಯ ಇರಲಿ. ಇಲ್ಲದಿದ್ದರೆ ನಿಮ್ಮ ಹೊಸ ಲ್ಯಾಪ್‌ಟಾಪ್‌ನಲ್ಲಿ ಹಳೆಯ ದಾರಿ ಯಾವತ್ತೂ ಓಡುವುದಿಲ್ಲ, ಪರೀಕ್ಷೆಯೂ ಆಗುವುದಿಲ್ಲ.

ಹಂತ 10: ಪರೀಕ್ಷೆ, ಆಮೇಲೆ ಬಿಡುಗಡೆ

ನಿಮ್ಮ ಇಂಟರ್‌ಪ್ರಿಟರೇ ಒಳ್ಳೆಯ ಪರೀಕ್ಷಕ. ಸಣ್ಣ ಸಣ್ಣ ಪ್ರೋಗ್ರಾಂಗಳನ್ನು ಯಾದೃಚ್ಛಿಕವಾಗಿ ಹುಟ್ಟಿಸಿ, ಇಂಟರ್‌ಪ್ರಿಟರ್‌ನಲ್ಲೂ ಜಿಟ್‌ನಲ್ಲೂ ಓಡಿಸಿ, ಉತ್ತರ ಹೋಲಿಸಿ. ಸಂಖ್ಯೆಗಳಲ್ಲಿ 0, -1, 2047, 2048, 4095, 4096, ಅತಿ ಚಿಕ್ಕದು, ಅತಿ ದೊಡ್ಡದು, ನ್ಯಾನ್, ಇವು ಬೇಕೆಂತಲೇ ಜಾಸ್ತಿ ಬರಲಿ. ಹಂತ 2 ಮತ್ತು 6ರ ತಪ್ಪುಗಳು ಹೀಗೇ ಸಿಗುತ್ತವೆ.

ಯಂತ್ರ ಇಲ್ಲದಿದ್ದರೆ ಕ್ಯೂಎಮು ಎಂಬ ಎಮ್ಯುಲೇಟರ್ ಇದೆ. ಅದರ ಯೂಸರ್ ಮೋಡ್‌ನಲ್ಲಿ ಆರ್ಮ್64, ರಿಸ್ಕ್-ಫೈವ್ ಪ್ರೋಗ್ರಾಂಗಳನ್ನು ಎಕ್ಸ್86 ಲಿನಕ್ಸ್‌ನಲ್ಲೇ ಓಡಿಸಬಹುದು. ಇನ್‌ಸ್ಟ್ರಕ್ಷನ್ ತಪ್ಪು, ಕರೆಯುವ ಪದ್ಧತಿಯ ತಪ್ಪು ಅಲ್ಲೇ ಸಿಗುತ್ತವೆ. ಆದರೆ ಕ್ಯಾಶ್ ತೊಳೆಯಲು ಮರೆತದ್ದು ಸಾಮಾನ್ಯವಾಗಿ ಅಲ್ಲಿ ಕಾಣುವುದಿಲ್ಲ, ಮೆಮೊರಿ ಕ್ರಮದ ತಪ್ಪೂ ಅಷ್ಟೇ. ಹಂತ 7 ಮತ್ತು 8ಕ್ಕೆ ನಿಜವಾದ ಯಂತ್ರವೇ ಬೇಕು. ಆರ್ಮ್64ಗೆ ರಾಸ್ಪ್‌ಬೆರಿ ಪೈ 4 ಸಾಕು, 64 ಬಿಟ್ ಲಿನಕ್ಸ್ ಹಾಕಿಕೊಳ್ಳಿ. ಮ್ಯಾಕ್‌ಗೆ ಮ್ಯಾಕೇ ಬೇಕು. ರಿಸ್ಕ್-ಫೈವ್‌ಗೆ ವಿಷನ್‌ಫೈವ್ 2ರಂಥ ಬೋರ್ಡ್ ಸಾಕು. ಅದು ನಿಧಾನ, ಹಾಗಾಗಿ ಬಿಲ್ಡ್ ಲ್ಯಾಪ್‌ಟಾಪ್‌ನಲ್ಲಿ ಮಾಡಿ, ಓಡಿಸುವುದನ್ನು ಮಾತ್ರ ಅಲ್ಲಿ ಮಾಡಿ.

ಕ್ರ್ಯಾಶ್ ಆದಾಗ ಓದಲು ಅನುಕೂಲ ಮಾಡಿಟ್ಟುಕೊಳ್ಳಿ. ಬರೆದ ಕೋಡನ್ನು ಫೈಲ್‌ಗೆ ಸುರಿಯುವ ಆಯ್ಕೆ ಇದ್ದರೆ ಆಬ್ಜ್‌ಡಂಪ್‌ನಲ್ಲಿ ತೆರೆದು ನೋಡಬಹುದು. ಲಿನಕ್ಸ್‌ನಲ್ಲಿ ವೇಗ ಅಳೆಯುವ ಸಾಧನವಾದ ಪರ್ಫ್‌ಗೆ ಟೆಂಪ್ ಫೋಲ್ಡರ್‌ನಲ್ಲಿ ಒಂದು ಮ್ಯಾಪ್ ಫೈಲ್ ಬರೆದಿಟ್ಟರೆ ಜಿಟ್ ಮಾಡಿದ ಫಂಕ್ಷನ್‌ಗಳ ಹೆಸರೂ ಅದರಲ್ಲಿ ಕಾಣುತ್ತದೆ.

ಹೊಸ ಟಾರ್ಗೆಟನ್ನು ಮೊದಲ ಬಿಡುಗಡೆಯಲ್ಲಿ ತಾನಾಗೇ ಚಾಲೂ ಮಾಡಬೇಡಿ. ಬೇಕಾದವರು ಆಯ್ಕೆ ಕೊಟ್ಟು ಆನ್ ಮಾಡಲಿ, ಉಳಿದವರಿಗೆ ಇಂಟರ್‌ಪ್ರಿಟರ್ ಇರಲಿ. ಗೊತ್ತಿಲ್ಲದ ಪ್ರೊಸೆಸರ್‌ನಲ್ಲಿ ಬಿಲ್ಡ್ ನಿಲ್ಲಬಾರದು, ಜಿಟ್ ಇಲ್ಲದೆ ಮುಂದುವರಿಯಬೇಕು. ಒಂದು ಬಿಡುಗಡೆಯ ಅವಧಿಯಲ್ಲಿ ಆ ಟಾರ್ಗೆಟ್‌ನ ಯಾದೃಚ್ಛಿಕ ಪರೀಕ್ಷೆಗಳು ನಿಜವಾದ ಯಂತ್ರದ ಮೇಲೆ ಪ್ರತಿ ರಾತ್ರಿ ಓಡಿ ಸ್ವಚ್ಛವಾಗಿ ಬಂದರೆ, ಮುಂದಿನ ಬಿಡುಗಡೆಯಲ್ಲಿ ಎಲ್ಲರಿಗೂ ಆನ್ ಮಾಡಿ.